ಹವಳ ಸೊರಗಿದಾಗ ಏನು ಹಾಕಬೇಕು ಅನ್ನೋ ಮೊದಲು ಏನು ನೋಡಬೇಕು

"ಹವಳ ಮುದುಡಿಕೊಂಡಿದೆ, ಏನು ಹಾಕಲಿ?" ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟು ಜೀವಂತ ಹವಳ ಸಾಕುವವರ ಈ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಪ್ರಶ್ನೆಯ ಜೊತೆ ಒಂದು ಫೋಟೋ ಇರುತ್ತದೆ, ಅದೂ ನೀಲಿ ಲೈಟಿನಲ್ಲಿ ತೆಗೆದದ್ದು. ನೀಲಿ ಲೈಟಿನಲ್ಲಿ ಸಾಯುತ್ತಿರುವ ಹವಳವೂ ಮಿರಮಿರ ಮಿಂಚುತ್ತದೆ, ಅದನ್ನು ನೋಡಿ ಏನಂತ ಹೇಳೋದು? ಅದಕ್ಕೇ ನಾನು ಕೇಳುವ ಪ್ರಶ್ನೆಗಳನ್ನೆಲ್ಲ, ಕೇಳುವ ಕ್ರಮದಲ್ಲೇ, ಇಲ್ಲಿ ಒಟ್ಟಿಗೆ ಬರೆದಿಡುತ್ತಿದ್ದೇನೆ.

"ಏನು ಹಾಕಲಿ" ಅಂತ ಕೇಳಿದವರಿಗೆ ನನ್ನ ಉತ್ತರ ಹೆಚ್ಚಿನ ಸಲ "ಸದ್ಯಕ್ಕೆ ಏನೂ ಹಾಕಬೇಡಿ" ಅಂತಲೇ. 30-40 ಲೀಟರಿನ ಚಿಕ್ಕ ಟ್ಯಾಂಕಿನಲ್ಲಿ ಹವಳ ಕೆಡುವುದು ಯಾವುದೋ ಒಂದು ಅಂಶ ಕಡಿಮೆಯಾಗಿ ಅನ್ನೋದಕ್ಕಿಂತ, ಯಾವುದೋ ಒಂದು ತೀರಾ ಬೇಗ ಏರಿ ಇಳಿದು ಅನ್ನೋದೇ ಜಾಸ್ತಿ. ಗಾಬರಿಯಲ್ಲಿ ನಾವು ಸುರಿಯುವ ಬಾಟಲಿ ಆ ಏರಿಳಿತವನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಬೇಕಾಗುವ ಸಾಮಾನು ಇಷ್ಟು. ರಿಫ್ರಾಕ್ಟೋಮೀಟರ್, ಅಂದರೆ ಒಂದು ಹನಿ ನೀರಿನಲ್ಲಿ ಬೆಳಕು ಎಷ್ಟು ಬಾಗುತ್ತದೆ ಅಂತ ನೋಡಿ ಉಪ್ಪನ್ನು ಅಳೆಯುವ ಸಾಧನ. ಅದನ್ನು ಸರಿಹೊಂದಿಸಲು 35 ಪಿಪಿಟಿಯ ದ್ರಾವಣ (ಪಿಪಿಟಿ ಅಂದರೆ ಸಾವಿರ ಭಾಗ ನೀರಿನಲ್ಲಿ ಎಷ್ಟು ಭಾಗ ಉಪ್ಪು). ಹೀಟರಿನದ್ದಲ್ಲದೆ ಬೇರೆಯದೇ ಒಂದು ಥರ್ಮಾಮೀಟರ್. ಆಲ್ಕಲಿನಿಟಿ, ಅಮೋನಿಯಾ, ನೈಟ್ರೇಟ್, ಫಾಸ್ಫೇಟ್ ನೋಡುವ ಟೆಸ್ಟ್ ಕಿಟ್‌ಗಳು. ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಅಂಶಗಳನ್ನು ಒಟ್ಟಾಗಿ ಅಳೆಯುವುದು), ಒಂದು ಟಾರ್ಚ್, ಕೈಗವಸು, ಒಂದಿಷ್ಟು ಹೊಸ ಆಕ್ಟಿವೇಟೆಡ್ ಕಾರ್ಬನ್ (ನೀರಿನ ಕಲ್ಮಶ ಹೀರುವ ಇದ್ದಿಲು). ಮತ್ತೆ ಒಂದು ನೋಟ್‌ಬುಕ್. ನಗಬೇಡಿ, ಇಷ್ಟೂ ಸಾಮಾನಿನಲ್ಲಿ ನನಗೆ ಜಾಸ್ತಿ ಕೆಲಸಕ್ಕೆ ಬಂದಿರುವುದು ಆ ನೋಟ್‌ಬುಕ್ಕೇ.

1. ಕೈ ಹಾಕದೆ ಸುಮ್ನೆ ನೋಡಿ

ನೀಲಿ ಲೈಟ್ ಇಳಿಸಿ, ಬಿಳಿ ಲೈಟ್ ಏರಿಸಿ. ಪಂಪ್ ಹತ್ತು ನಿಮಿಷ ನಿಲ್ಲಿಸಿದರೆ ನೀರು ಅಲುಗದೆ ಚೆನ್ನಾಗಿ ಕಾಣುತ್ತದೆ. ಮೊದಲು ತೀರ್ಮಾನವಾಗಬೇಕಾದದ್ದು: ಒಂದೇ ಹವಳ ಕೆಟ್ಟಿದೆಯಾ, ಎಲ್ಲವೂ ಕೆಟ್ಟಿವೆಯಾ? ಒಂದೇ ಆದರೆ ತಪ್ಪು ಬಹುತೇಕ ಅದಿರುವ ಜಾಗದಲ್ಲಿದೆ, ಅಂದರೆ ಬೆಳಕು, ನೀರಿನ ಹರಿವು, ಪಕ್ಕದ ಹವಳ, ಇಲ್ಲವೇ ಹುಳ. ನೀವು ನೇರ 6ಕ್ಕೆ ಹೋಗಬಹುದು. ಎಲ್ಲವೂ ಒಟ್ಟಿಗೆ ಮುದುಡಿದ್ದರೆ ತಪ್ಪು ನೀರಿನಲ್ಲಿದೆ, ಕ್ರಮವಾಗಿಯೇ ಬನ್ನಿ.

ಇನ್ನು ಹತ್ತಿರದಿಂದ ನೋಡಿ. "ಬೆಳ್ಳಗಾಗಿದೆ" ಅಂತ ಎಲ್ಲರೂ ಹೇಳುತ್ತಾರೆ, ಆದರೆ ಅದರಲ್ಲಿ ಎರಡು ಥರ ಇದೆ. ಹವಳದ ಮೈಯೊಳಗೆ ಝೂಕ್ಸಾಂಥೆಲ್ಲೆ ಅನ್ನುವ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಅದು ಬೆಳಕಿನಲ್ಲಿ ಆಹಾರ ತಯಾರಿಸಿ ಹವಳಕ್ಕೆ ಪಾಲು ಕೊಡುತ್ತದೆ. ಬಿಸಿ ಅಥವಾ ಬೆಳಕು ಹೆಚ್ಚಾದಾಗ ಹವಳ ಈ ಪಾಚಿಯನ್ನು ಹೊರದಬ್ಬುತ್ತದೆ. ಆಗ ಬಣ್ಣ ಹೋಗಿ ಒಳಗಿನ ಸುಣ್ಣದ ಗೂಡು ಗಾಜಿನ ಮೂಲಕ ಕಂಡ ಹಾಗೆ ಕಾಣುತ್ತದೆ, ಆದರೆ ಮೇಲಿನ ಮೆತ್ತನೆಯ ಪದರ (ಇದನ್ನೇ ಟಿಶ್ಯೂ ಅನ್ನುತ್ತೇವೆ) ಹಾಗೇ ಇರುತ್ತದೆ. ಇದು ಬ್ಲೀಚಿಂಗ್. ಹವಳ ಬದುಕಿದೆ, ಹಸಿದಿದೆ. ಇನ್ನೊಂದು ಥರದಲ್ಲಿ ಟಿಶ್ಯೂವೇ ಕಿತ್ತುಹೋಗಿರುತ್ತದೆ. ಅಂಚು ಗೆರೆ ಎಳೆದ ಹಾಗೆ ಕಾಣುತ್ತದೆ, ಗೆರೆಯ ಒಂದು ಕಡೆ ಬಣ್ಣ, ಇನ್ನೊಂದು ಕಡೆ ಒರಟು ಬಿಳಿ ಗೂಡು, ಎರಡು ಮೂರು ದಿನದಲ್ಲಿ ಆ ಬಿಳಿಯ ಮೇಲೆ ಹಸಿರು ಪಾಚಿ ಕೂರುತ್ತದೆ. ಇದು ಟಿಶ್ಯೂ ನೆಕ್ರೋಸಿಸ್, ಟಿಶ್ಯೂ ಸಾಯುವುದು. ದಿನಕ್ಕೆ ಒಂದೆರಡು ಮಿಲಿಮೀಟರ್ ಸರಿದರೆ ನಿಧಾನದ್ದು, ನಿಮಗೆ ಟೈಮಿದೆ. ಒಂದು ರಾತ್ರಿಯಲ್ಲಿ ಅರ್ಧ ಹವಳ ಬೋಳಾದರೆ ವೇಗದ್ದು, ನೇರ 8ಕ್ಕೆ ಓಡಿ.

ಬಣ್ಣ ಕಂದಾಗಿದ್ದರೆ ಗಾಬರಿ ಬೇಡ. ಬೆಳಕು ಕಡಿಮೆಯಾದಾಗ ಅಥವಾ ನೀರಿನಲ್ಲಿ ಪೋಷಕಾಂಶ ಜಾಸ್ತಿಯಾದಾಗ ಆ ಒಳಗಿನ ಪಾಚಿಯೇ ಹೆಚ್ಚುತ್ತದೆ, ಅಷ್ಟೇ. ಲೆದರ್ ಹವಳ (ಚರ್ಮದಂಥ ಮೈಯ ಮೆತ್ತನೆ ಹವಳ) ಮುದುಡಿ ಮೇಣ ಬಳಿದ ಹಾಗೆ ಹೊಳೆಯುತ್ತಿದ್ದರೆ ಅದು ಪೊರೆ ಬಿಡುತ್ತಿದೆ. ಕೆಲವು ದಿನ, ಒಮ್ಮೊಮ್ಮೆ ಒಂದೆರಡು ವಾರವೂ ಹಾಗೇ ಇರುತ್ತದೆ. ಪೊರೆ ತೊಳೆದುಹೋಗುವಷ್ಟು ಹರಿವು ಕೊಡಿ, ಕೈಯಿಂದ ಉಜ್ಜಬೇಡಿ.

2. ಉಪ್ಪು, ಆಮೇಲೆ ಬಿಸಿ

ಇಲ್ಲಿಂದಲೇ ಶುರುಮಾಡಿ, ಯಾಕೆಂದರೆ ಚಿಕ್ಕ ಟ್ಯಾಂಕು ಎಡವುವುದು ಇಲ್ಲೇ. ಬೇಕಾದದ್ದು 35 ಪಿಪಿಟಿ, ಅಂದರೆ ಸಾಪೇಕ್ಷ ಸಾಂದ್ರತೆ ಸುಮಾರು 1.026.

ಒಂದು ಲೆಕ್ಕ ನೋಡಿ. ಟ್ಯಾಂಕಿನಲ್ಲಿ 40 ಲೀಟರ್ ನೀರು, ದಿನಕ್ಕೆ 1 ಲೀಟರ್ ಆವಿಯಾಗುತ್ತದೆ ಅಂತಿಟ್ಟುಕೊಳ್ಳಿ. ಆವಿಯಾಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಮೂರು ದಿನ ನೀವು ನೋಡಲಿಲ್ಲ. 37 ಲೀಟರ್ ಉಳಿಯಿತು, ಉಪ್ಪು 35ರಿಂದ 37.8ಕ್ಕೆ ಏರಿತು. ನಾಲ್ಕನೇ ದಿನ ಬಂದು "ಅಯ್ಯೋ ನೀರು ಇಳಿದಿದೆ" ಅಂತ 3 ಲೀಟರ್ ಸಿಹಿನೀರನ್ನು ಒಂದೇ ಸಲ ಸುರಿದಿರಿ. ಮೂರು ದಿನದಲ್ಲಿ ಏರಿದ್ದು ಮೂರು ನಿಮಿಷದಲ್ಲಿ ಇಳಿಯಿತು. ಹವಳಕ್ಕೆ ಎರಡೂ ಏಟೇ, ಆದರೆ ಎರಡನೆಯದು ಜೋರು. ಆವಿಯಾದಷ್ಟನ್ನು ದಿನಕ್ಕೆ ಎರಡು ಸಲ ಸ್ವಲ್ಪ ಸ್ವಲ್ಪ ತುಂಬಿಸಿ. ಆಗದಿದ್ದರೆ ಫ್ಲೋಟ್ ಇಟ್ಟು ತಾನಾಗಿ ತುಂಬಿಸುವ ಆಟೋ ಟಾಪ್ ಆಫ್ ಹಾಕಿ. ಚಿಕ್ಕ ಟ್ಯಾಂಕಿಗೆ ಯಾವುದಾದರೂ ಒಂದೇ ಯಂತ್ರ ಕೊಳ್ಳುವುದಾದರೆ ನಾನು ಹೇಳುವುದು ಇದನ್ನೇ, ಲೈಟನ್ನಲ್ಲ.

ರಿಫ್ರಾಕ್ಟೋಮೀಟರನ್ನು ಶುದ್ಧ ನೀರಿನಲ್ಲಿ ಸೊನ್ನೆಗೆ ಕೂರಿಸಿದರೆ ಸಾಲದು. ನಾನು ಎರಡು ತಿಂಗಳು ಹಾಗೇ ಮಾಡಿ "35 ಇದೆ, ಉಪ್ಪು ಸರಿಯಾಗಿದೆ" ಅಂತ ಬೇರೆಲ್ಲ ಕಡೆ ತಪ್ಪು ಹುಡುಕುತ್ತಿದ್ದೆ. 35ರ ದ್ರಾವಣ ಹಾಕಿ ನೋಡಿದರೆ ಸಾಧನವೇ 3 ಜಾಸ್ತಿ ತೋರಿಸುತ್ತಿತ್ತು. ಹವಳಗಳು 32ರಲ್ಲಿ ಮುನಿಸಿಕೊಂಡು ಕೂತಿದ್ದವು. ಉಪ್ಪು ತಪ್ಪಿದೆ ಅಂತ ಗೊತ್ತಾದರೂ ಒಂದೇ ದಿನದಲ್ಲಿ ಸರಿಮಾಡಬೇಡಿ, ದಿನಕ್ಕೆ 1 ಪಿಪಿಟಿ ಸಾಕು.

ಬಿಸಿ 25-26 ಡಿಗ್ರಿ ಸೆಲ್ಸಿಯಸ್ ಇರಲಿ. 24 ಅಥವಾ 27 ಆದರೂ ನಡೆಯುತ್ತದೆ, ಆದರೆ ಒಂದೇ ದಿನದಲ್ಲಿ 24ರಿಂದ 28ಕ್ಕೆ ಹೋಗಬಾರದು. ಬೆಳಗ್ಗೆ ಲೈಟ್ ಹತ್ತುವ ಮೊದಲು ಒಮ್ಮೆ, ಸಂಜೆ ಲೈಟ್ ಆರುವ ಮೊದಲು ಒಮ್ಮೆ ಬರೆದಿಡಿ. ಒಂದೇ ಹೊತ್ತಿಗೆ ನೋಡುವವರಿಗೆ ಈ ಏರಿಳಿತ ಗೊತ್ತೇ ಆಗುವುದಿಲ್ಲ. 29-30ರಲ್ಲಿ ಕೆಲವು ದಿನ ಕಳೆದರೆ ಬ್ಲೀಚಿಂಗ್ ಶುರುವಾಗಬಹುದು. ನೀರಿನ ಮೇಲೆ ಚಿಕ್ಕ ಫ್ಯಾನ್ ಬಿಟ್ಟರೆ ಒಂದೆರಡು ಡಿಗ್ರಿ ಇಳಿಯುತ್ತದೆ. ಇಳಿಯುವುದು ಆವಿಯಾಗುವುದರಿಂದಲೇ, ಹಾಗಾಗಿ ಉಪ್ಪಿನ ಕಡೆ ಇನ್ನೂ ಒಂದು ಕಣ್ಣಿಡಿ.

3. ಅಮೋನಿಯಾ, ಅಂದರೆ ಒಳಗೇನಾದರೂ ಸತ್ತಿದೆಯಾ

ಮೀನು, ಬಸವನಹುಳ ಎಲ್ಲ ಎಣಿಸಿ. ಬಂಡೆಯ ಹಿಂದೆ ಸತ್ತ ಒಂದೇ ಒಂದು ದೊಡ್ಡ ಬಸವನಹುಳ ಚಿಕ್ಕ ಟ್ಯಾಂಕನ್ನು ಹಾಳುಮಾಡಬಲ್ಲದು. ಕದಲದೆ ಬಿದ್ದಿರುವುದನ್ನು ಎತ್ತಿ ಮೂಸಿ ನೋಡಿ, ಸತ್ತಿದ್ದರೆ ಆ ನಾತ ನೀವು ಮರೆಯುವುದಿಲ್ಲ. ಸತ್ತದ್ದು ಕೊಳೆತಾಗ ಬರುವ ಅಮೋನಿಯಾ ಸೊನ್ನೆ ಇರಬೇಕು. ಕಂಡರೆ ಸತ್ತದ್ದನ್ನು ತೆಗೆದು, ಕಾಲು ಭಾಗ ನೀರು ಬದಲಿಸಿ, ಮರುದಿನ ಮತ್ತೆ ಅಳೆಯಿರಿ.

ಟ್ಯಾಂಕ್ ಶುರುಮಾಡಿ ಆರು ತಿಂಗಳೂ ಆಗಿಲ್ಲ, ಆಗಲೇ ಅಕ್ರೊಪೊರಾ ಅನ್ನುವ ನಾಜೂಕಿನ ಕಲ್ಲು ಹವಳ ತಂದಿದ್ದೀರಾ? ಹಾಗಾದರೆ ಬೇರೆ ಕಾರಣ ಹುಡುಕುವ ಕಷ್ಟ ಬೇಡ.

4. ಆಲ್ಕಲಿನಿಟಿ

ಕಲ್ಲು ಹವಳಗಳು ಸುಣ್ಣದ ಗೂಡು ಕಟ್ಟಲು ನೀರಿನಿಂದ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ತೆಗೆದುಕೊಳ್ಳುತ್ತವೆ. ಆ ಕಾರ್ಬೊನೇಟ್, ಬೈಕಾರ್ಬೊನೇಟುಗಳ ದಾಸ್ತಾನು ಎಷ್ಟಿದೆ ಅಂತ ಹೇಳುವ ಅಳತೆಯೇ ಆಲ್ಕಲಿನಿಟಿ, ನಾವು ಡಿಕೆಎಚ್ ಅನ್ನುವ ಮಾನದಲ್ಲಿ ಬರೆಯುತ್ತೇವೆ. ಸಮುದ್ರದಲ್ಲಿ ಸುಮಾರು 7 ಇರುತ್ತದೆ. ಟ್ಯಾಂಕಿನಲ್ಲಿ 7ರಿಂದ 9 ಒಳ್ಳೆಯದು. 7.5 ಒಳ್ಳೆಯದೋ 8.5 ಒಳ್ಳೆಯದೋ ಅಂತ ಜನ ಜಗಳ ಆಡುತ್ತಾರೆ. ಎರಡೂ ಒಳ್ಳೆಯದೇ, ಸೋಮವಾರ 7.5, ಗುರುವಾರ 9.5 ಆದರೆ ಮಾತ್ರ ಕೆಟ್ಟದ್ದು. ದಿನಕ್ಕೆ ಅರ್ಧ ಡಿಕೆಎಚ್‌ಗಿಂತ ಜಾಸ್ತಿ ಬದಲಾಗದ ಹಾಗೆ ನೋಡಿಕೊಳ್ಳಿ, ಏನೇ ಆದರೂ 1 ದಾಟಬೇಡಿ.

ಜನ ಬೀಳುವ ಹಳ್ಳಗಳು ಇಲ್ಲಿ ಜಾಸ್ತಿ ಇವೆ, ಅದಕ್ಕೆ ಸ್ವಲ್ಪ ನಿಂತು ಹೇಳುತ್ತೇನೆ.

ಮೊದಲನೆಯದು ನೀರು ಬದಲಿಸುವುದೇ. ಕೆಲವು ರೀಫ್ ಉಪ್ಪುಗಳನ್ನು (ಹವಳದ ಟ್ಯಾಂಕಿಗೆಂದೇ ಮಾರುವ ಉಪ್ಪು) ನೀರಿನಲ್ಲಿ ಕದಡಿದರೆ 11 ಡಿಕೆಎಚ್ ಬರುತ್ತದೆ. ನಿಮ್ಮ ಟ್ಯಾಂಕು 7ರಲ್ಲಿದೆ. ಹತ್ತರಲ್ಲಿ ಒಂದು ಭಾಗ ಬದಲಿಸಿದರೆ 0.4 ಏರುತ್ತದೆ, ಪರವಾಗಿಲ್ಲ. ಹವಳ ಕೆಟ್ಟಿದೆ ಅಂತ ಗಾಬರಿಯಲ್ಲಿ ಅರ್ಧ ನೀರು ಬದಲಿಸಿದರೆ ಒಂದೇ ಏಟಿಗೆ 2 ಏರುತ್ತದೆ. "ನೀರು ಬದಲಿಸಿದ ಮೇಲೆ ಇನ್ನೂ ಹಾಳಾಯ್ತು" ಅಂತ ಹೇಳುವವರಲ್ಲಿ ಎಷ್ಟೋ ಜನರ ಕಥೆ ಇದೇ. ಕದಡಿದ ಹೊಸ ನೀರಿನ ಆಲ್ಕಲಿನಿಟಿಯನ್ನೂ ಒಮ್ಮೆ ಅಳೆದು ಬರೆದಿಡಿ, ಯಾರೂ ಅಳೆಯುವುದಿಲ್ಲ.

ಎರಡನೆಯದು ಡೋಸಿಂಗ್, ಅಂದರೆ ಖರ್ಚಾದ ಅಂಶವನ್ನು ಅಳತೆಯಲ್ಲಿ ಹಾಕುವುದು. ಅಡುಗೆ ಸೋಡಾ, ಅಂದರೆ ಬರೀ ಸೋಡಿಯಂ ಬೈಕಾರ್ಬೊನೇಟ್, ಸಾಕಾಗುತ್ತದೆ. 40 ಲೀಟರ್ ನೀರಿಗೆ 1.2 ಗ್ರಾಂ ಹಾಕಿದರೆ 1 ಡಿಕೆಎಚ್ ಏರುತ್ತದೆ. ಎಷ್ಟು ಕಡಿಮೆ ನೋಡಿ, ಕೈಯಳತೆ ಕಣ್ಣಳತೆ ಇಲ್ಲಿ ನಡೆಯುವುದಿಲ್ಲ, ಗ್ರಾಂ ತಕ್ಕಡಿ ಬೇಕು. ಬೇಕಿಂಗ್ ಪೌಡರ್ ಬೇರೆ, ಅದರಲ್ಲಿ ಆಮ್ಲ, ಪಿಷ್ಟ ಎಲ್ಲ ಇರುತ್ತದೆ, ಅದನ್ನು ಹಾಕಬೇಡಿ. "40 ಲೀಟರ್ ಟ್ಯಾಂಕ್" ಅಂದರೆ ಗಾಜಿನ ಅಳತೆ, ಬಂಡೆ ಮರಳು ಕಳೆದರೆ ನೀರು 32 ಲೀಟರೇ ಇರಬಹುದು, ಲೆಕ್ಕ ಹಾಕುವುದು ಅದಕ್ಕೆ. ಕ್ಯಾಲ್ಸಿಯಂ ದ್ರಾವಣವನ್ನು ಇದರ ಜೊತೆಗೇ ಸುರಿಯಬೇಡಿ, ಎರಡೂ ಕೂಡಿ ಸುಣ್ಣವಾಗಿ ತಳಕ್ಕೆ ಇಳಿಯುತ್ತವೆ. ಮತ್ತೆ, ಬರೀ ಮೆತ್ತನೆ ಹವಳಗಳಿದ್ದರೆ ಡೋಸಿಂಗೇ ಬೇಡ, ವಾರವಾರ ಬದಲಿಸುವ ನೀರೇ ಸಾಕು.

ಕ್ಯಾಲ್ಸಿಯಂ 400-450 ಪಿಪಿಎಂ, ಮೆಗ್ನೀಸಿಯಂ 1250-1350 ಪಿಪಿಎಂ ಇರಲಿ (ಪಿಪಿಎಂ ಅಂದರೆ ಹತ್ತು ಲಕ್ಷ ಭಾಗದಲ್ಲಿ ಎಷ್ಟು). ಇವು ನಿಧಾನ ಬದಲಾಗುವ ಅಂಶಗಳು, ರಾತ್ರೋರಾತ್ರಿ ಹವಳವನ್ನು ಕೊಲ್ಲುವುದಿಲ್ಲ.

5. ನೈಟ್ರೇಟ್, ಫಾಸ್ಫೇಟ್: ಸೊನ್ನೆ ಒಳ್ಳೆಯದಲ್ಲ

ಹಳೆಯ ಸಲಹೆ ಈ ಎರಡು ಪೋಷಕಾಂಶಗಳೂ ಸೊನ್ನೆ ಇರಬೇಕು ಅಂತಿತ್ತು. ಹಾಗೆ ಮಾಡಹೋಗಿ ಎಷ್ಟೋ ಟ್ಯಾಂಕುಗಳಲ್ಲಿ ಹವಳ ಹಸಿವಿನಿಂದ ಪೇಲವವಾಗಿವೆ. ನೈಟ್ರೇಟ್ 2-10 ಪಿಪಿಎಂ, ಫಾಸ್ಫೇಟ್ 0.03-0.1 ಪಿಪಿಎಂ ಇರಲಿ. ಎರಡೂ ಸೊನ್ನೆಯಾದ ಟ್ಯಾಂಕಿನಲ್ಲಿ ಡೈನೊಫ್ಲಾಜೆಲೇಟ್ ಅನ್ನುವ ಜೀವಿ ತಲೆಯೆತ್ತುತ್ತದೆ: ಕಂದು ಬಣ್ಣದ ಸಿಂಬಳದಂಥ ಎಳೆ, ತುದಿಯಲ್ಲಿ ಗಾಳಿಗುಳ್ಳೆ, ಮಧ್ಯಾಹ್ನಕ್ಕೆ ಜೋರು, ರಾತ್ರಿ ಕಳೆದರೆ ಅರ್ಧ ಮಾಯ. ಅದನ್ನು ನೋಡಿ "ಗಲೀಜಾಗಿದೆ" ಅಂತ ಇನ್ನಷ್ಟು ನೀರು ಬದಲಿಸಿದರೆ ಅದು ಇನ್ನಷ್ಟು ಖುಷಿಯಾಗಿ ಬೆಳೆಯುತ್ತದೆ. ಅಲ್ಲಿ ಬೇಕಾದದ್ದು ಫಾಸ್ಫೇಟ್ ಹೀರುವ ವಸ್ತು ತೆಗೆಯುವುದು, ಮೀನಿಗೆ ಸ್ವಲ್ಪ ಜಾಸ್ತಿ ತಿನ್ನಿಸುವುದು.

ಫಾಸ್ಫೇಟ್ ತುಂಬಾ ಜಾಸ್ತಿ ಇದ್ದರೂ ಒಂದೇ ಸಲ ಇಳಿಸಬೇಡಿ. ಹೇಳಿದಷ್ಟರಲ್ಲಿ ಕಾಲು ಭಾಗ ಹೀರುವ ವಸ್ತು ಹಾಕಿ, ಅಳೆದು, ಮುಂದುವರಿಯಿರಿ. ಟೆಸ್ಟ್ ಕಿಟ್ಟಿನ ತಾರೀಖು ಮುಗಿದಿದೆಯಾ ನೋಡಿ, ಕುಲುಕಬೇಕಾದ ಬಾಟಲಿಯನ್ನು ಹೇಳಿದಷ್ಟು ಹೊತ್ತು ಕುಲುಕಿ. ನೈಟ್ರೇಟ್ ಸೊನ್ನೆ ಬರುವುದಕ್ಕೆ ಸೋಮಾರಿತನದಿಂದ ಕುಲುಕಿದ್ದೂ ಒಂದು ಕಾರಣ.

6. ಬೆಳಕು, ಹರಿವು, ನೆರೆಹೊರೆ

ಲೈಟ್ ಇತ್ತೀಚೆಗೆ ಬದಲಿಸಿದಿರಾ? ಹವಳವನ್ನು ಮೇಲಿಟ್ಟಿರಾ? ಬೆಳಕಿನ ಅಳತೆಗೆ ಪಾರ್ ಅನ್ನುತ್ತಾರೆ, ಅಂದರೆ ಪಾಚಿ ಬಳಸಿಕೊಳ್ಳಬಲ್ಲ ಬೆಳಕು ಎಷ್ಟಿದೆ ಅನ್ನೋದು. ಮೆತ್ತನೆ ಹವಳಕ್ಕೂ ದೊಡ್ಡ ಪಾಲಿಪ್ಪಿನ (ಪಾಲಿಪ್ ಅಂದರೆ ಹವಳದ ಬಾಯಿರುವ ಒಂದೊಂದು ಜೀವಿ) ಕಲ್ಲು ಹವಳಕ್ಕೂ 50-150 ಸಾಕು, ಅಕ್ರೊಪೊರಾದಂಥವಕ್ಕೆ 200-350 ಬೇಕು. ಮೀಟರ್ ಇಲ್ಲದಿದ್ದರೆ ಹವಳವನ್ನೇ ಕೇಳಿ. ಮೇಲ್ಭಾಗ ಮಾತ್ರ ಬೆಳ್ಳಗಾಗಿ, ನೆರಳಿನ ಕಡೆ ಬಣ್ಣ ಉಳಿದಿದ್ದರೆ ಬೆಳಕು ಜಾಸ್ತಿ. ಝೋವಾಂಥಿಡ್ (ಗುಂಡಿಯಂಥ ಪುಟ್ಟ ಪಾಲಿಪ್‌ಗಳು ಗುಂಪಾಗಿರುವ ಹವಳ) ಕತ್ತು ಉದ್ದ ಮಾಡಿಕೊಂಡು ಮೇಲೆ ಚಾಚುತ್ತಿದ್ದರೆ ಕಡಿಮೆ. ಹೊಸ ಎಲ್ಇಡಿ ಹಾಕಿದಾಗ ಶೇ. 30ರಿಂದ ಶುರುಮಾಡಿ ವಾರಕ್ಕೆ ಶೇ. 5ರಷ್ಟು ಏರಿಸುವುದು ಸುರಕ್ಷಿತ.

ಹರಿವಿನ ವಿಷಯ ಚುಟುಕಾಗಿ: ಪಂಪ್ ಗಂಟೆಗೆ ಟ್ಯಾಂಕಿನ ನೀರಿನ 20 ಪಟ್ಟು ತಿರುಗಿಸಿದರೆ ಬಹುತೇಕ ಹವಳಗಳಿಗೆ ಸಾಕು, ಆದರೆ ಧಾರೆ ನೇರ ಮೈಮೇಲೆ ಬೀಳಬಾರದು. ಬಿದ್ದರೆ ಹ್ಯಾಮರ್, ಟಾರ್ಚ್ ಅನ್ನುವ ಹೆಸರಿನ ಕಲ್ಲು ಹವಳಗಳ ಟಿಶ್ಯೂ ಅದರದೇ ಗೂಡಿನ ಚೂಪು ಅಂಚಿಗೆ ಉಜ್ಜಿ ಹರಿಯುತ್ತದೆ.

ಇನ್ನು ನೆರೆಯವರು. ಲೈಟ್ ಆರಿ ಒಂದೆರಡು ಗಂಟೆಯಾದ ಮೇಲೆ ಟಾರ್ಚಿಗೆ ಕೆಂಪು ಕಾಗದ ಸುತ್ತಿ ನೋಡಿ. ಹಗಲಲ್ಲಿ ಸಾಧುವಾಗಿ ಕೂತ ಗ್ಯಾಲಾಕ್ಸಿಯಾ ಅನ್ನುವ ಹವಳ ರಾತ್ರಿ 20 ಸೆಂ.ಮೀ.ಗೂ ಉದ್ದದ ಕುಟುಕುವ ಎಳೆ ಚಾಚುತ್ತದೆ. ಏಟು ತಿಂದ ಹವಳದ ಅದೇ ಮಗ್ಗುಲು ಸುಟ್ಟ ಹಾಗಿರುತ್ತದೆ, ಇನ್ನೊಂದು ಮಗ್ಗುಲು ಚೆನ್ನಾಗೇ ಇರುತ್ತದೆ. ಲೆದರ್ ಹವಳಗಳು ಮುಟ್ಟದೆಯೇ ನೀರಿಗೆ ವಿಷ ಬಿಟ್ಟು ಜಗಳ ಆಡುತ್ತವೆ. ಅದಕ್ಕೇ ಆ ಆಕ್ಟಿವೇಟೆಡ್ ಕಾರ್ಬನ್, ಅದನ್ನು ಮೂರು ನಾಲ್ಕು ವಾರಕ್ಕೊಮ್ಮೆ ಬದಲಿಸಿ.

ಅದೇ ಟಾರ್ಚಿನಲ್ಲಿ ಹುಳ ಹುಡುಕಿ. ಝೋವಾಂಥಿಡ್ ತಿನ್ನುವ ನೂಡಿಬ್ರಾಂಕ್ (ಚಿಪ್ಪಿಲ್ಲದ ಪುಟ್ಟ ಬಸವನಹುಳ) ತಿಂದ ಹವಳದ ಬಣ್ಣವನ್ನೇ ಮೈಗೆ ಹಚ್ಚಿಕೊಂಡಿರುತ್ತದೆ, ಎದುರಿಗೇ ಇದ್ದರೂ ಕಾಣುವುದಿಲ್ಲ. ಸುರುಳಿಯಾಕಾರದ ಮೊಟ್ಟೆ ಸಿಕ್ಕರೆ ಅದು ಇದೆ ಅಂತಲೇ. ಹವಳವನ್ನು ಡಿಪ್ ದ್ರಾವಣದಲ್ಲಿ (ಹವಳ ಅದ್ದಿ ತೆಗೆಯುವ ಔಷಧ) ಅದ್ದಿದರೆ ಹುಳ ಉದುರುತ್ತದೆ, ಮೊಟ್ಟೆ ಸಾಯುವುದಿಲ್ಲ. ಮೊಟ್ಟೆ ಕೆರೆದು ತೆಗೆದು, ವಾರ ಬಿಟ್ಟು ಮತ್ತೆ ಅದ್ದಿ. ಐಪ್ಟೇಸಿಯಾ ಅನ್ನುವ ಕಂದು ಅನಿಮೋನಿ ಕಂಡರೆ ಚಿವುಟಬೇಡಿ, ಹರಿದ ತುಂಡುಗಳಿಂದ ಮತ್ತೆ ಹುಟ್ಟುತ್ತದೆ.

7. ನೀರಿನ ಮೂಲ, ಲೋಹ

ಟ್ಯಾಂಕಿಗೆ ಬಳಸುವ ಆರ್‌ಒಡಿಐ ನೀರಿನ (ಆರ್‌ಒ ಫಿಲ್ಟರ್, ಆಮೇಲೆ ರೆಸಿನ್ ಅನ್ನುವ ಹರಳುಗಳ ಮೂಲಕ ಹಾಯಿಸಿ ಶುದ್ಧ ಮಾಡಿದ್ದು) ಟಿಡಿಎಸ್ ಸೊನ್ನೆ ಇರಬೇಕು. ಏರಿದ್ದರೆ ರೆಸಿನ್ ಬದಲಿಸಿ. ಗಾಜು ಉಜ್ಜುವ ಮ್ಯಾಗ್ನೆಟ್, ಪಂಪಿನ ಮ್ಯಾಗ್ನೆಟ್ ಬಿರುಕು ಬಿಟ್ಟು ತುಕ್ಕು ಇಣುಕುತ್ತಿದೆಯಾ ನೋಡಿ. ಮೀನಿಗೆ ಹಾಕುವ ತಾಮ್ರದ ಔಷಧ ಈ ಟ್ಯಾಂಕಿಗೆ ಯಾವತ್ತೂ ಬೇಡ, ಅದು ಹವಳಕ್ಕೆ, ಸೀಗಡಿಗೆ, ಬಸವನಹುಳಕ್ಕೆ ವಿಷ. ಸೋಪು, ಕ್ರೀಮು ಹಚ್ಚಿದ ಕೈ, ಹತ್ತಿರದಲ್ಲಿ ಹೊಡೆದ ಸ್ಪ್ರೇ, ಇವನ್ನೂ ನೆನಪು ಮಾಡಿಕೊಳ್ಳಿ.

8. ತುರ್ತು ಚಿಕಿತ್ಸೆ

ಮೊದಲು ನಿಮ್ಮ ಜೀವ. ಝೋವಾಂಥಿಡ್, ಪ್ಯಾಲಿಥೋವಾ ಹವಳಗಳಲ್ಲಿ ಪ್ಯಾಲಿಟಾಕ್ಸಿನ್ ಅನ್ನುವ ಘೋರ ವಿಷ ಇರಬಹುದು. ಕತ್ತರಿಸುವಾಗ ಕೈಗವಸು, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಅವಿರುವ ಬಂಡೆಯನ್ನು ಕುದಿಸಬೇಡಿ, ಬಿಸಿನೀರು ಹಾಕಿ ಉಜ್ಜಬೇಡಿ, ಆ ಹಬೆ ಉಸಿರಾಡಿ ಇಡೀ ಮನೆಯವರು ಆಸ್ಪತ್ರೆ ಸೇರಿದ್ದುಂಟು. ಕೈ ಹಾಕಿದ ಮೇಲೆ ಬಾಯಲ್ಲಿ ಲೋಹದ ರುಚಿ, ಜ್ವರ, ಮೈಕೈ ನೋವು, ಉಸಿರಾಟಕ್ಕೆ ಕಷ್ಟ ಅನ್ನಿಸಿದರೆ ತಕ್ಷಣ ಆಸ್ಪತ್ರೆಗೆ ಹೋಗಿ, ವಿಷದ ಹೆಸರನ್ನು ವೈದ್ಯರಿಗೆ ನೀವೇ ಹೇಳಿ.

ಹ್ಯಾಮರ್, ಟಾರ್ಚ್ ಹವಳದ ಒಂದು ತಲೆಯ (ಒಂದು ಕೊಂಬೆಯ ತುದಿಯ ಪಾಲಿಪ್) ಮೇಲೆ ಕಂದು ಲೋಳೆ ತೂಗುತ್ತಿದ್ದರೆ ಅದು ಬ್ರೌನ್ ಜೆಲ್ಲಿ ರೋಗ, ಪಕ್ಕದ ತಲೆಗಳಿಗೆ ಬೇಗ ಹಬ್ಬುತ್ತದೆ. ಪಂಪ್ ನಿಲ್ಲಿಸಿ. ಇಲ್ಲದಿದ್ದರೆ ಲೋಳೆ ಇಡೀ ಟ್ಯಾಂಕಿಗೆ ಹಾರುತ್ತದೆ. ಸಣ್ಣ ಪೈಪಿನಿಂದ ಲೋಳೆ ಹೀರಿ ಹೊರಹಾಕಿ, ಹವಳ ಹೊರತೆಗೆದು ಆ ತಲೆಯನ್ನು ಕತ್ತರಿಸಿ ಬಿಸಾಕಿ, ಉಳಿದದ್ದನ್ನು ಅಯೋಡಿನ್ ಡಿಪ್ಪಿನಲ್ಲಿ ಬಾಟಲಿಯ ಮೇಲೆ ಹೇಳಿದಷ್ಟು ಹೊತ್ತು ಅದ್ದಿ. ವೇಗದ ನೆಕ್ರೋಸಿಸ್ ಆದರೆ ಇಡೀ ಹವಳ ಉಳಿಸುವ ಆಸೆ ಬಿಡಿ. ಸತ್ತ ಗೆರೆಯಿಂದ ಒಂದು ಸೆಂ.ಮೀ. ಒಳಕ್ಕೆ, ಚೆನ್ನಾಗಿರುವ ಭಾಗದಲ್ಲೇ ಕತ್ತರಿಸಿ, ತುದಿಗಳನ್ನು ಸೈನೊಆಕ್ರಿಲೇಟ್ ಜೆಲ್ ಅಂಟಿನಿಂದ (ಸೂಪರ್ ಗ್ಲೂ ಥರದ್ದು) ಚಿಕ್ಕ ಪ್ಲಗ್‌ಗಳ (ಹವಳದ ತುಂಡು ಅಂಟಿಸುವ ಬಿಲ್ಲೆ) ಮೇಲೆ ಕೂರಿಸಿ. ಒಂದು ತುಂಡು ಉಳಿದರೂ ಗೆದ್ದಿರಿ.

ಉಳಿದೆಲ್ಲ ಕೇಸುಗಳಲ್ಲಿ: ಕಾರ್ಬನ್ ಹೊಸದು ಹಾಕಿ, ಬಿಸಿ ಮತ್ತು ಉಪ್ಪು ಹೊಂದಿಸಿದ ನೀರಿನಿಂದ ಶೇ. 10 ಬದಲಿಸಿ, ಅಳತೆಗಳಲ್ಲಿ ಸಿಕ್ಕ ಒಂದೇ ಒಂದು ತಪ್ಪನ್ನು ಸರಿಮಾಡಿ. ಒಂದೇ. ಲೈಟೂ ಇಳಿಸಿ, ಡೋಸಿಂಗೂ ಬದಲಿಸಿ, ಹವಳವನ್ನೂ ಸರಿಸಿದರೆ ಯಾವುದರಿಂದ ಏನಾಯಿತು ಅಂತ ನಿಮಗೂ ಗೊತ್ತಾಗುವುದಿಲ್ಲ, ಕೇಳಿದರೆ ನನಗೂ ಗೊತ್ತಾಗುವುದಿಲ್ಲ, ಅಲ್ವಾ? ಆಮೇಲೆ ಒಂದು ವಾರ ಕಾಯಿರಿ. ದಿನಾ ಹವಳವನ್ನು ಎತ್ತಿ ಜಾಗ ಬದಲಿಸುವುದು ಕಾಯುವುದಲ್ಲ.

ಚೇತರಿಕೆ ಮೊದಲು ಕಾಣುವುದು ರಾತ್ರಿ. ಹಗಲಿಡೀ ಮುಚ್ಚಿದ್ದ ಪಾಲಿಪ್‌ಗಳು ಕತ್ತಲಲ್ಲಿ ಸ್ವಲ್ಪ ಹೊರಬರುತ್ತವೆ. ಬ್ಲೀಚ್ ಆದ ಹವಳಕ್ಕೆ ಬಣ್ಣ ಮರಳಲು ವಾರಗಳು, ಎಷ್ಟೋ ಸಲ ತಿಂಗಳುಗಳೇ ಬೇಕು. ಅಷ್ಟು ದಿನ ಬೆಳಕು ತುಸು ಕಡಿಮೆ ಇರಲಿ, ದೊಡ್ಡ ಪಾಲಿಪ್ಪಿನವಾದರೆ ವಾರಕ್ಕೆರಡು ಸಲ ಸಣ್ಣ ತುಣುಕು ಆಹಾರ ಬಾಯ ಹತ್ತಿರ ಬಿಡಿ. ನಿಧಾನದ ನೆಕ್ರೋಸಿಸ್ ನಿಂತಿದೆಯೋ ಇಲ್ಲವೋ ಅಂತ ಕಣ್ಣಳತೆಯಲ್ಲಿ ಗೊತ್ತಾಗುವುದಿಲ್ಲ. ವಾರಕ್ಕೊಮ್ಮೆ, ಅದೇ ಜಾಗದಲ್ಲಿ ನಿಂತು, ಬಿಳಿ ಲೈಟಿನಲ್ಲಿ ಒಂದು ಫೋಟೋ ತೆಗೆದು ಹಿಂದಿನದರ ಪಕ್ಕ ಇಟ್ಟು ಆ ಗೆರೆಯನ್ನು ನೋಡಿ. ಎರಡು ವಾರ ಸರಿಯದಿದ್ದರೆ ನಿಂತಿದೆ.